ಎರಡನೇ ಸಾಲಿನ ಟವಲ್

ವಿಮಾನದ ಸೀಟಿನ ಮೇಲೆ ಅಕ್ಕ ಹಾಸಿದ ಟವಲ್ಲಿಗೆ ಇದ್ದದ್ದು ಕೆಂಪು ಅಂಚೋ ಹಸಿರು ಅಂಚೋ ಎಂಬುದು ನನಗೆ ಈಗ ನಿಶ್ಚಯವಿಲ್ಲ. ಅದನ್ನು ಮಡಚಿ ನನ್ನ ಕೈಗಿಟ್ಟ ಗಗನಸಖಿ ನಿಜವಾಗಿ ನಕ್ಕಳೋ, ಅಥವಾ ಅದು ಆ ಕೆಲಸದವರ ಮುಖದಲ್ಲಿ ಸಮವಸ್ತ್ರದ ಹಾಗೆ ಸದಾ ಇರುವ ನಗುವೋ, ಅದೂ ಗೊತ್ತಿಲ್ಲ. ನಮ್ಮ ಸೀಟಿಗೆ ಬಂದು ನಿಂತ ದೊಡ್ಡಮನುಷ್ಯರು ‘ಸಾರಿ’ ಎಂದರೆಂದು ಮೊದಲ ವಾರ ಎಲ್ಲರಿಗೂ ಹೇಳುತ್ತಿದ್ದೆ. ಎರಡನೆಯ ವಾರದ ಹೊತ್ತಿಗೆ ಅವರು ಏನೂ ಅನ್ನಲಿಲ್ಲವೆಂದು ಹೇಳತೊಡಗಿದೆ. ಮೂರನೆಯ ವಾರ ಅವರು ನನ್ನನ್ನು ದುರುಗುಟ್ಟಿ ನೋಡಿದರು. ಘಟನೆ ಹಳೆಯದಾದಷ್ಟೂ ಅದರಲ್ಲಿನ ನನ್ನ ಎದುರಾಳಿಗಳು ದುಷ್ಟರಾಗುತ್ತಾ, ನಾನು ಸಂಭಾವಿತನಾಗುತ್ತಾ ಹೋಗುವುದನ್ನು ಬಹಳ ವರ್ಷಗಳಿಂದ ಗಮನಿಸಿದ್ದೇನೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಬೋಧಿಸಿ, ಈಗ ಹಾಸನದಲ್ಲಿ ನಿವೃತ್ತನಾಗಿ ಕೂತಿರುವವನಿಗೆ ಇಷ್ಟಾದರೂ ಆತ್ಮಶಂಕೆ ಇರದಿದ್ದರೆ ಆ ಸಂಬಳವೆಲ್ಲ ದಂಡ. ಆದ್ದರಿಂದ, ಓದುಗರೇ, ಇದನ್ನು ಕಟಕಟೆಯಲ್ಲಿ ನಿಂತ ಸಾಕ್ಷಿಯ ಮಾತೆಂದು ಕೇಳಿ. ತೀರ್ಪು ನಿಮಗೆ ಬಿಟ್ಟದ್ದು.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಹಳ್ಳಿಮೈಸೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು, ಈಗ ಹೊಳೆನರಸೀಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹನ್ನೆರಡನೆಯ ವಯಸ್ಸಿನಲ್ಲಿ ಬಂದ ಕೆಟ್ಟ ಜ್ವರವೊಂದು ಅವಳನ್ನು ಬಿಟ್ಟು ಹೋಗುವಾಗ ಒಂದು ಕಿವಿಯನ್ನು ಜೊತೆಗೆ ಒಯ್ದಿತು. ಉಳಿದ ಒಂದರಲ್ಲೇ ಅವಳು ಇಡೀ ತಾಲ್ಲೂಕಿನ ಸುದ್ದಿ ಕೇಳಿಸಿಕೊಳ್ಳುತ್ತಾಳೆ. ಈಚೆಗೆ ಅವಳ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ದೆಹಲಿಯಲ್ಲಿ ನಮ್ಮ ಸೋದರತ್ತೆಯ ಮಗಳ ಮನೆಯ ಗೃಹಪ್ರವೇಶಕ್ಕೆ ಹೋಗಲೇಬೇಕೆಂದು ಹಟ ಹಿಡಿದಾಗ, ಮಡಚಲಾಗದ ಕಾಲನ್ನು ಎಲ್ಲಿ ಚಾಚುವುದು ಎಂಬ ಪ್ರಶ್ನೆ ಎದ್ದು, ಜೀವಮಾನದಲ್ಲಿ ಒಂದೇ ಸಲವೆಂದು ವಿಮಾನದ ಮುಂಭಾಗದ, ಕಾಲು ಚಾಚುವ ದರ್ಜೆಯಲ್ಲೇ ಇಬ್ಬರೂ ಹೋಗುವುದೆಂದಾಯಿತು. ವಿಮಾನದಲ್ಲಿ ಅವಳಿಗಿದ್ದ ಭಯ ಒಂದೇ: ಧ್ವನಿವರ್ಧಕದಲ್ಲಿ ಏನೋ ಹೇಳುತ್ತಾರೆ, ನನಗೆ ಕೇಳುವುದಿಲ್ಲ, ಎಲ್ಲರೂ ಇಳಿದುಹೋದ ಮೇಲೂ ನಾನೊಬ್ಬಳೇ ಕೂತಿರುತ್ತೇನೆ. ನೀನು ನನ್ನ ಕೇಳುವ ಕಿವಿಯ ಪಕ್ಕದಲ್ಲೇ ಕೂತಿರಬೇಕು ಎಂದಳು. ಅಷ್ಟೇ ತಾನೆ ಎಂದೆ.

ಟಿಕೆಟ್ ಮಾಡಿಸಿದ್ದು ಚನ್ನರಾಯಪಟ್ಟಣದಲ್ಲಿ, ನನ್ನ ಹಳೆಯ ವಿದ್ಯಾರ್ಥಿ ಪದ್ಮರಾಜನ ಅಂಗಡಿಯಲ್ಲಿ. ಪರದೆಯ ಮೇಲೆ ಅವನು ವಿಮಾನದ ನಕ್ಷೆ ತೆರೆದ. ಬಿಳಿಯ ಚೌಕ ಖಾಲಿ, ಬೂದು ಚೌಕ ಭರ್ತಿ. ಮೊದಲನೆಯ ಸಾಲು ಪೂರಾ ಬೂದು. ಅದು ಕಂಪನಿಯ ವಿಶೇಷ ಕಾರ್ಡು ಇಟ್ಟುಕೊಂಡ ನಿತ್ಯಪ್ರಯಾಣಿಕರಿಗೆ ಎಂದು ತೆಗೆದಿಟ್ಟದ್ದಂತೆ. ನಾನು ಎರಡನೆಯ ಸಾಲಿನಲ್ಲಿ ಎಡಗಡೆಯ ಕಿಟಕಿಯನ್ನು ಅಕ್ಕನಿಗೂ ಅದರ ಪಕ್ಕದ್ದನ್ನು ನನಗೂ ಆರಿಸಿದೆ. ಹಾಗೆ ಕೂತರೆ ನಾನು ಅವಳ ಬಲಗಡೆಗೆ ಬರುತ್ತೇನೆ, ಬಲಗಿವಿಗೆ ಮಾತು ಸಲೀಸಾಗಿ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಇದು ನನಗೆ ಸ್ಪಷ್ಟವಾಗಿ ನೆನಪಿತ್ತು. ಕನಿಷ್ಠ ಪಕ್ಷ, ಸ್ಪಷ್ಟವಾಗಿ ನೆನಪಿದೆ ಎಂಬುದು ನೆನಪಿತ್ತು.

ಇಲ್ಲಿ ಟವಲ್ಲಿನ ಧರ್ಮಶಾಸ್ತ್ರವನ್ನು ಸ್ವಲ್ಪ ಹೇಳಬೇಕು. ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಹಾಸನದ ಬಸ್ಸು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆಯೇ, ಬಾಗಿಲ ಹತ್ತಿರ ನೂಕಾಡುವ ತಾಕತ್ತಿಲ್ಲದವರು ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಟವಲ್ ಎಸೆಯುತ್ತಾರೆ. ಎಸೆದ ಕ್ಷಣದಿಂದ ಆ ಸೀಟು ಅವರದು. ಈ ಕಾನೂನನ್ನು ಯಾರೂ ಬರೆದಿಲ್ಲವಾದರೂ ಇದಕ್ಕೆ ಕಲಮು, ಉಪಕಲಮು, ಅಪವಾದಗಳಿವೆ. ಒಂದು ಟವಲ್ಲಿಗೆ ಒಂದೇ ಸೀಟು. ಮೂವರ ಸೀಟಿನ ಮೇಲೆ ಉದ್ದಕ್ಕೆ ಹಾಸಿದರೆ ಬೈಗುಳ. ಬಸರಿ ಹೆಂಗಸು ಬಂದರೆ ಟವಲ್ ತಾನಾಗಿಯೇ ಸರಿಯಬೇಕು. ಬಸ್ಸು ಹೊರಡುವಷ್ಟರಲ್ಲಿ ವಾರಸುದಾರ ಬಾರದಿದ್ದರೆ ಹಕ್ಕು ರದ್ದು, ಆದರೆ ಟವಲ್ಲನ್ನು ಯಾರೂ ಕದಿಯುವಂತಿಲ್ಲ. ಕಂಡಕ್ಟರ ಕೈಗೆ ಒಪ್ಪಿಸಬೇಕು. ಇನ್ನೊಬ್ಬರ ಟವಲ್ ಎತ್ತಬೇಕಾಗಿ ಬಂದರೆ ಸುತ್ತಲಿನವರನ್ನು ಒಂದು ಮಾತು ಕೇಳಿಯೇ ಎತ್ತಬೇಕು. ಹೆಂಗಸರಿಗೆ ಟಿಕೆಟ್ಟಿಲ್ಲದ ಈ ಕಾಲದಲ್ಲಿ ಬಸ್ಸುಗಳು ಇನ್ನಷ್ಟು ತುಂಬಿ, ಟವಲ್ಲಿನ ಜಾಗದಲ್ಲಿ ಕರ್ಚೀಫು, ವ್ಯಾನಿಟಿ ಬ್ಯಾಗು, ಒಮ್ಮೆ ಒಂದು ಹೂಕೋಸನ್ನೂ ನಾನು ನೋಡಿದ್ದೇನೆ. ಶಾಸನ ಮಾತ್ರ ಅದೇ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೊದಲೇ ಕರೆದೊಯ್ದರು. ಹೋಗುವಾಗ, ಎರಡನೇ ಸಾಲು, ಎಡಗಡೆ ಕಿಟಕಿ ಎಂದು ಮೂರು ಸಲ ಕೂಗಿ ಹೇಳಿದೆ. ಕೈಯಲ್ಲಿದ್ದ ಚೀಟಿಯಲ್ಲಿ ಏನು ಅಚ್ಚಾಗಿದೆ ಎಂದು ನಾನೂ ನೋಡಲಿಲ್ಲ, ಅವಳೂ ನೋಡಲಿಲ್ಲ. ನಾವೇ ಆರಿಸಿದ ಸೀಟನ್ನು ಚೀಟಿ ನೋಡಿ ತಿಳಿಯುವುದೇನು? ಗಾಲಿಕುರ್ಚಿ ತಳ್ಳಿದವನು ವಿಮಾನದ ಬಾಗಿಲಿಗೇ ಬಿಟ್ಟು ಹೋದ. ಒಳಗಿನ ಸಿಬ್ಬಂದಿ ಯಾರದೋ ಪೆಟ್ಟಿಗೆಯನ್ನು ಮೇಲಕ್ಕೇರಿಸುತ್ತಿದ್ದರು. ಅಕ್ಕ ಕುಂಟುತ್ತಾ ಹೋಗಿ ಎಡ ಕಿಟಕಿಯಲ್ಲಿ ಕೂತು, ಚೀಲದಿಂದ ಟವಲ್ ತೆಗೆದು ಪಕ್ಕದ ಸೀಟಿನ ಮೇಲೆ ನನಗೆಂದು ಹಾಸಿದಳು. ಉಗುರುಕತ್ತರಿಯ ದೆಸೆಯಿಂದ ತಪಾಸಣೆಯಲ್ಲಿ ತಡೆದು ನಿಂತಿದ್ದ ನಾನು ಏದುಸಿರು ಬಿಡುತ್ತಾ ಬರುವ ಹೊತ್ತಿಗೆ, ಕೋಟು ತೊಟ್ಟ ಆ ದೊಡ್ಡಮನುಷ್ಯರು ಅವಳ ಮುಂದೆ ನಿಂತು, ತಮ್ಮ ಚೀಟಿಯನ್ನು ಹಿಂದಿಯಲ್ಲಿ ಓದಿ ಹೇಳುತ್ತಿದ್ದರು. ಅಕ್ಕ ಅವರನ್ನು ಬಸ್ ನಿಲ್ದಾಣದ ಸಮಾಧಾನದಿಂದ ನೋಡಿ,

“ಟವಲ್ ಹಾಕಿವ್ನಲ್ಲಪ್ಪ, ಕಾಣಾಕಿಲ್ವಾ?” ಎಂದಳು.

ಆ ಮಾತು ಭಾರತದ ವಾಯುಸೀಮೆಯಲ್ಲಿ ಅದೇ ಮೊದಲ ಸಲ ಕೇಳಿಬಂದಿರಬೇಕು. ಗಗನಸಖಿ ಬಂದಳು, ಚೀಟಿಗಳನ್ನು ನೋಡಿದಳು. ನಮ್ಮವು ಅದೇ ಸಾಲಿನ ಬಲಗಡೆಯವು ಎಂದು ಅಚ್ಚಾಗಿದ್ದವು: ಅಕ್ಕನಿಗೆ ಬಲ ಕಿಟಕಿ, ನನಗೆ ಅದರ ಪಕ್ಕದ್ದು. ನಾವು ಆರಿಸಿದ್ದು ಎಡಗಡೆ ಎಂದು ನಾನು ವಾದಿಸಿದೆ. ಇರಬಹುದು, ಕೆಲವೊಮ್ಮೆ ಕಾರ್ಯನಿರ್ವಹಣೆಯ ಕಾರಣಗಳಿಂದ ಬದಲಾಗುತ್ತದೆ ಎಂದಳು. ಆ ಕಾರಣ ಯಾವುದೆಂದು ಕೇಳಿದೆ. ಕಾರ್ಯನಿರ್ವಹಣೆಯದು ಎಂದಳು. ಸಾಧಿಸಬೇಕಾದದ್ದನ್ನೇ ಆಧಾರವಾಗಿ ಕೊಡುವ ಇಂಥ ವಾದಕ್ಕೆ ತರ್ಕಶಾಸ್ತ್ರದಲ್ಲಿ ಒಂದು ಹೆಸರಿದೆ; ಹೇಳುವಷ್ಟರಲ್ಲಿ ಅವಳು ಟವಲ್ಲನ್ನು ಎರಡೂ ಕೈಯಿಂದ, ದೇವರ ವಸ್ತ್ರವನ್ನು ಮಡಚುವಷ್ಟು ಜಾಗ್ರತೆಯಿಂದ ಮಡಚಿ ನನ್ನ ಕೈಗಿಟ್ಟಾಗಿತ್ತು. ಹಿಂದಿನ ದರ್ಜೆಗೆ ಹೋಗಬೇಕಾದ ಜನ ಸಾಲುಗಟ್ಟಿ ನನ್ನ ಬೆನ್ನ ಹಿಂದೆ ನಿಂತಿದ್ದರು. ನಾವು ಜಾಗ ಬದಲಿಸಿದೆವು.

ಕೂತ ಮೇಲೆ ಅವಳೇ ಒಂದು ತಟ್ಟೆ ಹಿಡಿದು ಬಂದು, ಚಿಮಟದಿಂದ ಎತ್ತಿ ನಮ್ಮಿಬ್ಬರಿಗೂ ಒಂದೊಂದು ಬಿಸಿ ಒದ್ದೆ ಟವಲ್ ಕೊಟ್ಟಳು. ಒಂದು ಟವಲ್ ಕಿತ್ತುಕೊಂಡು ಎರಡು ಕೊಟ್ಟಂತಾಯಿತು. ಮುಖ ಒರೆಸಿಕೊಳ್ಳುತ್ತಾ, ಕಾಲು ಚಾಚಿ, ಹಣ್ಣಿನ ರಸ ಹೀರುತ್ತಾ ನಾನು ಅನ್ಯಾಯದ ಬಗ್ಗೆ ಚಿಂತಿಸತೊಡಗಿದೆ. ಆಗಲೂ ಜನ ನಮ್ಮನ್ನು ದಾಟಿ ಹಿಂದಕ್ಕೆ ಹೋಗುತ್ತಲೇ ಇದ್ದರು, ಮಗು ಹೊತ್ತವರು, ಉಪ್ಪಿನಕಾಯಿ ಭರಣಿ ತಬ್ಬಿಕೊಂಡವರು, ಮೂರು ಜನರ ನಡುವಿನ ಸೀಟಿನಲ್ಲಿ ಎರಡೂವರೆ ಗಂಟೆ ಮೊಣಕೈ ಮಡಚಿ ಕೂರಬೇಕಾದವರು. ಅವರ ದೃಷ್ಟಿಯಲ್ಲಿ ನಾನು ಎಡ ಸಿಂಹಾಸನ ತಪ್ಪಿ ಬಲ ಸಿಂಹಾಸನ ಸಿಕ್ಕಿತೆಂದು ಗೋಳಾಡುತ್ತಿದ್ದ ಒಬ್ಬ ಪಾಳೇಗಾರ. ಇದು ನನಗೆ ಹೊಳೆಯದೆ ಇರಲಿಲ್ಲ, ನಾಚಿಕೆಯೂ ಆಯಿತು. ಆದರೂ ನಾಚಿಕೆಯನ್ನು ಪಕ್ಕಕ್ಕಿಟ್ಟು ಯೋಚಿಸಿದರೆ ಪ್ರಶ್ನೆ ಉಳಿಯುತ್ತದೆ. ಆರಿಸಿಕೊಳ್ಳಿ ಎಂದು ಕರೆದು, ನಕ್ಷೆ ತೋರಿಸಿ, ಚೌಕಕ್ಕೆ ಬೆರಳಿಡಿಸಿ, ಆಮೇಲೆ ಅದು ಆಯ್ಕೆಯಲ್ಲ ಬರೀ ಕೋರಿಕೆಯಾಗಿತ್ತು ಎನ್ನುವುದು ಹಿಂದಿನ ದರ್ಜೆಯಲ್ಲಿ ಅನ್ಯಾಯವಾದರೆ ಮುಂದಿನದರಲ್ಲೂ ಅನ್ಯಾಯವೇ. ಮೆತ್ತಗಿನ ಸೀಟಿನಲ್ಲಿ ಕೂತವನಿಗೆ ಮಾತು ತಪ್ಪಬಹುದು ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ವಿಮಾನ ಮೇಲೇರಿತು. ನನ್ನ ಲೆಕ್ಕದಲ್ಲಿ ಈಗ ನಾನು ಅಕ್ಕನ ಕೇಳದ ಕಿವಿಯ ಪಕ್ಕದಲ್ಲಿದ್ದೆ. ಅವಳು ಕಿಟಕಿಗೆ ಮುಖವಿಟ್ಟು ಮೋಡ ನೋಡುತ್ತಿದ್ದಳು. ಧ್ವನಿವರ್ಧಕದಲ್ಲಿ ಹೇಳಿದ್ದನ್ನೆಲ್ಲ ಅವಳ ಭುಜ ತಟ್ಟಿ, ಕೈಸನ್ನೆ ಮಾಡಿ ತಿಳಿಸಿದೆ. ಅವಳು ವಿಚಿತ್ರವಾಗಿ ನನ್ನನ್ನು ನೋಡಿ ತಲೆಯಾಡಿಸಿದಳು. ಆಮೇಲೆ, ಕೇಳಿಸದ ಕಿವಿಯ ಪಕ್ಕ ಕೂತವನಿಗೆ ಒದಗುವ ಒಂದು ವಿಚಿತ್ರ ಸ್ವಾತಂತ್ರ್ಯದಿಂದ, ಬಾವಿಗೆ ಬಗ್ಗಿ ಮಾತಾಡುವವನ ಹಾಗೆ ಮೆಲ್ಲಗೆ ಮಾತಾಡತೊಡಗಿದೆ. ಯಾರಿಗೂ ಹೇಳದ್ದನ್ನು ಹೇಳಿದೆ.

ನಮ್ಮ ಅಪ್ಪ ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಮರೆಯುತ್ತಾ ಹೋದರು. ಅದು ಮನೆಗೆ ಮೊದಲು ಗೊತ್ತಾದದ್ದೂ ಒಂದು ಟವಲ್ಲಿನಿಂದಲೇ. ಅರಕಲಗೂಡಿನಲ್ಲಿ ಬಸ್ಸಿನ ಸೀಟಿಗೆ ಟವಲ್ ಹಾಕಿ ಕಾಫಿ ಕುಡಿಯಲು ಇಳಿದವರು ಯಾವ ಬಸ್ಸೆಂದು ಮರೆತು ನಿಲ್ದಾಣದಲ್ಲೇ ಉಳಿದರು. ಟವಲ್ ಒಂದೇ ಹೊಳೆನರಸೀಪುರದವರೆಗೆ ಪ್ರಯಾಣ ಮಾಡಿ, ಮುಂದಿನ ಟ್ರಿಪ್ಪಿನಲ್ಲಿ ಕಂಡಕ್ಟರ ಹೆಗಲ ಮೇಲೆ ವಾಪಸು ಬಂತು. ಎಲ್ಲರೂ ನಕ್ಕೆವು. ಆಮೇಲೆ ನಗುವುದು ನಿಂತಿತು. ಈಚೆಗೆ ನಾನು ಹಿಟ್ಟಿನ ಗಿರಣಿಗೆ ಹೋಗಿ ಬೇರೆಯವರ ಡಬ್ಬ ತಂದಿದ್ದೇನೆ, ಒಂದಲ್ಲ, ಎರಡು ಸಲ. ಎಡಗಡೆ ಸೀಟು ಆರಿಸಿದ್ದು ನಿಜವೋ, ಆರಿಸಬೇಕೆಂದುಕೊಂಡದ್ದು ಮಾತ್ರವೋ? ಅಪ್ಪನಿಗೆ ಆದದ್ದೇ ನನಗೂ ಶುರುವಾಗಿದೆಯೇನೋ ಅಕ್ಕ, ಭಯವಾಗುತ್ತದೆ, ಎಂದು ಆ ಬಾವಿಗೆ ಹೇಳಿದೆ. ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮನೆಯಿಂದ ತಂದಿದ್ದ ಕೋಡುಬಳೆಯಲ್ಲಿ ಒಂದನ್ನು ಮುರಿದು ಅರ್ಧವನ್ನು ನನ್ನ ಅಂಗೈಯಲ್ಲಿಟ್ಟಳು. ಗಟ್ಟಿಯಾಗಿರಬೇಕು, ಅವಳಿಗೆ ಅಗಿಯಲಾಗಲಿಲ್ಲ ಎಂದುಕೊಂಡೆ.

ಊರಿಗೆ ಬಂದವನೇ ಕಂಪನಿಗೆ ದೂರು ಬರೆದೆ. ಅವರ ಉತ್ತರ ಬಹಳ ವಿನಯದಿಂದ ಕೂಡಿತ್ತು: ನಮ್ಮ ದಾಖಲೆಯ ಪ್ರಕಾರ ನೀವು ಮುಂಗಡವಾಗಿ ಯಾವ ಸೀಟನ್ನೂ ಆರಿಸಿಲ್ಲ, ಆರಿಸಿದ್ದರೂ ಅದು ಖಾತರಿಯಾಗಿರುತ್ತಿರಲಿಲ್ಲ, ನಿಮ್ಮ ಸೇವೆಗೆ ಮತ್ತೊಮ್ಮೆ ಅವಕಾಶ ಕೊಡಿ. ಎರಡನೆಯ ವಾಕ್ಯಕ್ಕೆ ನನಗೆ ಸಿಟ್ಟು ಬಂತು. ಮೊದಲನೆಯದಕ್ಕೆ ನಿದ್ದೆ ಹಾರಿಹೋಯಿತು. ನನ್ನ ಹೆಂಡತಿ ಅದನ್ನು ಓದಿ, ನೀವೇ ಮರೆತಿರುತ್ತೀರಿ ಬಿಡಿ ಎಂದು ಹಗುರವಾಗಿ ಅಂದುಬಿಟ್ಟಳು. ಸೀಟಿನ ಪ್ರಶ್ನೆ ಅಲ್ಲಿಗೆ ಸೀಟಿನದಾಗಿ ಉಳಿಯಲಿಲ್ಲ. ಎಡವನ್ನು ನಾನು ಆರಿಸಿದ್ದರೆ ತಪ್ಪು ಕಂಪನಿಯದು. ಆರಿಸಿಲ್ಲದಿದ್ದರೆ ಅಪ್ಪನ ಟವಲ್ ಹೊರಟ ಬಸ್ಸಿನಲ್ಲೇ ನಾನೂ ಇದ್ದೇನೆ. ಏನಾದರಾಗಲಿ, ಇದನ್ನು ಇತ್ಯರ್ಥ ಮಾಡಿಯೇ ತೀರುವುದೆಂದು ಮರುದಿನ ಬೆಳಿಗ್ಗೆ ಚನ್ನರಾಯಪಟ್ಟಣಕ್ಕೆ ಹೊರಟೆ.

ಪದ್ಮರಾಜ ಕುರ್ಚಿ ಕೊಟ್ಟು, ಟೀ ತರಿಸಿ, ಗೋಡೆಯ ಪಕ್ಕದಿಂದ ರೆಕ್ಸಿನ್ ಫೈಲೊಂದನ್ನು ತೆಗೆದ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನಿದ್ರಿಸುತ್ತಿದ್ದವನೆಂದೇ ನಾನು ಅವನನ್ನು ಗುರುತಿಟ್ಟುಕೊಂಡಿದ್ದು.

“ನೀವೇ ಪಾಠ ಮಾಡಿದ್ರಲ್ಲ ಸಾ, ಪ್ರಮಾಣ ಇಲ್ದೆ ಏನ್ನೂ ನಂಬಬಾರ್ದು ಅಂತ,” ಎಂದ. “ಅದಕ್ಕೇ ನಿಮ್ದು ಮಾತ್ರ ಪ್ರಿಂಟ್ ತೆಗ್ದಿಟ್ಟಿದೀನಿ. ಬೇರೆಯೋರ್ದು ಇಟ್ಕೊಳ್ಳಲ್ಲ.”

ಆ ಹಾಳೆಯಲ್ಲಿ ಎರಡನೆಯ ಸಾಲಿನ ಎಡಗಡೆಯ ಎರಡು ಚೌಕಗಳು ಕಪ್ಪಾಗಿ ಅಚ್ಚೊತ್ತಿದ್ದವು. ಪಕ್ಕದಲ್ಲಿ ನಮ್ಮಿಬ್ಬರ ಹೆಸರು, ಕೆಳಗೆ ದಿನಾಂಕ. ಆಯ್ಕೆ ದೃಢಪಟ್ಟಿದೆ ಎಂಬ ವಾಕ್ಯವೂ ಇತ್ತು. ನಾನು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮೂರನೆಯ ಸಲ ಓದಿದೆ. ಕಂಪನಿಯ ದಾಖಲೆ ಏನಾದರೂ ಹೇಳಲಿ, ನನ್ನ ತಲೆ ನನ್ನದೇ ಆಗಿತ್ತು. ಅಲ್ಲಿಂದ ಹಾಸನದ ಬಸ್ಸು ಹತ್ತಬೇಕಾದವನು ನೇರ ಹೊಳೆನರಸೀಪುರದ ಬಸ್ಸು ಹತ್ತಿದೆ. ಗೆದ್ದ ಪದಕವನ್ನು ಅಮ್ಮನಿಗೆ ತೋರಿಸಬೇಕು. ಅಮ್ಮ ಇಲ್ಲದಿದ್ದರೆ ಅಕ್ಕನಿಗೆ.

ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಎಂದಿನಂತೆ ಅವಳ ಎದುರಿಗೆ ಕೂತು, ಎಂದಿನಂತೆ ನನ್ನ ಬಲಕ್ಕೆ ವಾಲಿ, ದನಿಯೆತ್ತಿ ಎಲ್ಲವನ್ನೂ ಹೇಳಿದೆ: ಕಂಪನಿಯ ಉತ್ತರ, ಪದ್ಮರಾಜನ ಫೈಲು, ಗ್ರಾಹಕರ ನ್ಯಾಯಾಲಯದವರೆಗೂ ಹೋಗುವ ನನ್ನ ಸಂಕಲ್ಪ. ನಿನ್ನ ಒಳ್ಳೆಯ ಕಿವಿಯ ಪಕ್ಕದ ಸೀಟನ್ನು ಅವರು ಕಿತ್ತುಕೊಂಡರು, ಅದನ್ನು ನಾನು ಸುಮ್ಮನೆ ಬಿಡುವುದಿಲ್ಲ ಎಂದೆ. ಅಕ್ಕ ಹಾಳೆಯನ್ನು ಹಿಡಿದು ನೋಡಿದಳು. ಒಂದು ಕಾಯಿ ಸುಲಿದಳು.

“ಅಲ್ಲ ಕಣ್ಲಾ, ಆ ಎಡಗಡೆ ಕೂತಿದ್ರೆ ನಿನ್ ಮಾತು ನಂಗೊಂದಕ್ಸರನೂ ಕೇಳ್ತಿರ್ನಿಲ್ಲ,” ಎಂದಳು. “ನಂಗೆ ಕೇಳಾಕಿಲ್ದೆ ಇರೋದು ಬಲಗಿವಿ.”

ನಾನು ಎದುರಿಗೆ ಕೂತವನು ನನ್ನ ಬಲಗೈಯನ್ನು ನೋಡಿಕೊಂಡೆ, ಅದರ ನೇರಕ್ಕಿದ್ದ ಅವಳ ಕಿವಿಯನ್ನು ನೋಡಿದೆ. ಅದು ಅವಳ ಎಡಗಿವಿ. ಹುಟ್ಟಿದಂದಿನಿಂದ ನಾನು ಅವಳನ್ನು ಎದುರಿನಿಂದಲೇ ನೋಡಿದ್ದು. ನನ್ನ ಬಲವನ್ನೇ ಅವಳ ಬಲವೆಂದು ಎಣಿಸಿದ್ದು. ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋದಾಗಲೆಲ್ಲ ಅವಳು ಸಭೆಯ ಬಲತುದಿಯಲ್ಲಿ, ವೇದಿಕೆಗೆ ಎಡಗೆನ್ನೆ ಕೊಟ್ಟು ಕೂರುವುದನ್ನು ಎಷ್ಟೋ ವರ್ಷ ಕಂಡಿದ್ದೆ. ಗಾಳಿಗೆ ಕೂರುತ್ತಾಳೆ ಎಂದುಕೊಂಡಿದ್ದೆ. ಹಳ್ಳಿಮೈಸೂರಿನ ಮೂರನೆಯ ತರಗತಿಯ ಮಕ್ಕಳಿಗೆ, ಯಾವ ಕಡೆ ಕೂತು ಪಿಸುಗುಟ್ಟಿದರೆ ಟೀಚರಿಗೆ ಕೇಳದು ಎಂಬುದು ಜೂನ್ ಮುಗಿಯುವಷ್ಟರಲ್ಲಿ ಗೊತ್ತಾಗುತ್ತಿತ್ತಂತೆ. ಪ್ರಮಾಣಶಾಸ್ತ್ರದ ಪಂಡಿತನಿಗೆ ಅರವತ್ತೆರಡು ವರ್ಷ ಸಾಲಲಿಲ್ಲ.

ಮತ್ತೆ ಆ ದಿನ ಎಡಗಡೆಗೇ ಯಾಕೆ ಟವಲ್ ಹಾಕಿದೆ ಎಂದು ಕೇಳಿದೆ. ನೀನೇ ಹೇಳಿದೆಯಲ್ಲ, ಓದಿದವನು, ಏನೋ ಲೆಕ್ಕ ಹಾಕಿರುತ್ತಾನೆ ಎಂದು ಸುಮ್ಮನಿದ್ದೆ ಎಂದಳು. ಆಗ ನನಗೆ ಇನ್ನೊಂದು ವಿಷಯ ನಿಧಾನವಾಗಿ, ಕೆಟ್ಟ ಸುದ್ದಿಯ ಹಾಗೆ ತಲುಪಿತು. ಹಾಗಾದರೆ ಆ ಎರಡೂವರೆ ಗಂಟೆ ನಾನು ಮಾತಾಡಿದ್ದು ಬಾವಿಗಲ್ಲ. ಅಕ್ಕನ ಮುಖ ನೋಡಲಾಗಲಿಲ್ಲ. ಅವಳು ಅವರೆಕಾಯಿಯಿಂದ ಕಣ್ಣೆತ್ತದೆ,

“ಕೇಳ್ತು. ಎಲ್ಲಾ ಕೇಳ್ತು,” ಎಂದಳು. ಆಮೇಲೆ, “ಅಪ್ಪಂಗೆ ಬಂದಿದ್ದು ನಿಂಗೆ ಬಂದಿಲ್ಲ ಕಣೋ. ಗೊತ್ತಿದ್ದುದ್ದು ಹೋದ್ರೆ ಅದು ಮರ್ವು. ನಿಂಗೆ ಗೊತ್ತೇ ಇರ್ನಿಲ್ಲ. ಯಾವ ಕಿವಿ ಅಂತ ಒಂದ್ ದಿನನಾರ ನನ್ನ ಕೇಳಿದ್ದೀಯಾ?”

ಕೇಳಿರಲಿಲ್ಲ. ಕಂಪನಿಯವರೂ ಕೇಳಿರಲಿಲ್ಲ. ಅವರ ಮೇಲೆ ನಾನು ಹೊರಿಸಿದ್ದ ಆರೋಪಗಳಲ್ಲಿ ಅತ್ಯಂತ ಭಾರವಾದದ್ದು ಅದೇ: ಪಕ್ಕದಲ್ಲಿ ಕೂರಬೇಕಾದವರ ಅಗತ್ಯವೇನೆಂದು ಕೇಳದೆಯೇ, ತಮ್ಮ ನಕ್ಷೆ ನೋಡಿ ಚೌಕ ಬದಲಿಸಿದರು ಎಂದು. ನಾನು ಕೇಳದೆಯೇ, ನನ್ನ ನಕ್ಷೆ ನೋಡಿ ಚೌಕ ಆರಿಸಿದ್ದೆ. ಕೇಳದೆ ಮಾಡಿದ ಉಪಕಾರ ಅಪಕಾರವಾಗುತ್ತಿತ್ತು, ಕೇಳದೆ ಮಾಡಿದ ಅಪಕಾರ ಅದನ್ನು ಸರಿಪಡಿಸಿತು. ಆ ಕೋಟಿನ ದೊಡ್ಡಮನುಷ್ಯರಿಗೂ ಯಾವುದೋ ಕಿವಿಯೋ, ಮಂಡಿಯೋ ಇತ್ತೇನೋ. ಅವರನ್ನೂ ನಾನು ಕೇಳಲಿಲ್ಲ. ಎದುರಿಗೆ ನಿಂತವನ ಎಡಬಲವನ್ನು ನಮ್ಮ ಎಡಬಲದಿಂದ ಅಳೆದು, ಆ ಅಳತೆಗೆ ನ್ಯಾಯವೆಂದು ಹೆಸರಿಡುವುದರಲ್ಲಿ ಕಂಪನಿಗೂ ನನಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ದೂರನ್ನು ಹಿಂತೆಗೆದುಕೊಂಡೆನೆಂದು ನೀವು ಭಾವಿಸಿದ್ದರೆ, ನನ್ನನ್ನು ನೀವಿನ್ನೂ ಅರಿತಿಲ್ಲ. ಆಕಸ್ಮಿಕವಾಗಿ ಒಳ್ಳೆಯದಾಯಿತೆಂಬ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ತಪ್ಪು ಬಸ್ಸು ಹತ್ತಿಸಿದವನು, ಅಲ್ಲಿ ನಿಮಗೆ ನೆಂಟರು ಸಿಕ್ಕರಲ್ಲ ಎಂದು ಹಲ್ಲು ಕಿರಿಯುವಂತಿಲ್ಲ. ಹೊಸದೊಂದು ಪತ್ರ ಬರೆದು ಪದ್ಮರಾಜನ ಹಾಳೆಯನ್ನು ಲಗತ್ತಿಸಿದ್ದೇನೆ. ಹಳೆಯ ಪತ್ರದಲ್ಲಿ ಪರಿಹಾರ, ಕ್ಷಮಾಪಣೆ, ಮೊದಲ ಸಾಲನ್ನು ಎಲ್ಲರಿಗೂ ತೆರೆಯಬೇಕೆಂಬ ಕ್ರಾಂತಿಕಾರಿ ಬೇಡಿಕೆ ಎಲ್ಲವೂ ಇದ್ದವು. ಹೊಸದರಲ್ಲಿ ಇರುವುದು ಒಂದೇ: ಟವಲ್ ಎತ್ತುವ ಮುನ್ನ ಒಂದು ಮಾತು ಕೇಳಿ. ನಮ್ಮ ಕಡೆಯ ಬಸ್ಸುಗಳಲ್ಲಿ ಇಷ್ಟನ್ನು ಯಾವ ಕಾರ್ಡೂ ಇಲ್ಲದವರಿಗೂ ಮಾಡುತ್ತಾರೆ ಎಂದು ಸೇರಿಸಿದ್ದೇನೆ. ಸೀಟು ಬದಲಾದದ್ದರಿಂದ ನನಗೆ ಅನುಕೂಲವೇ ಆಯಿತೆಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದೇನೆ. ಪತ್ರ ತೋರಿಸಿದಾಗ ಪರಿಚಯದ ವಕೀಲರೊಬ್ಬರು ಅದನ್ನು ಮೂರ್ಖತನ ಎಂದರು. ಉತ್ತರ ಬಂದಿಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ಮತ್ತೆ ಬರೆಯುತ್ತೇನೆ, ಉತ್ತರ ಬರುವವರೆಗೂ.

ಕಳೆದ ವಾರ ಮಂಡಿ ತೋರಿಸಲು ಅಕ್ಕನನ್ನು ಹಾಸನಕ್ಕೆ ಕರೆತರಬೇಕಿತ್ತು. ಹೊಳೆನರಸೀಪುರದ ನಿಲ್ದಾಣದಲ್ಲಿ ಕಂಡಕ್ಟರು ಅವಳ ಕಾಲು ನೋಡಿ ಮೊದಲೇ ಹತ್ತಿಸಿಕೊಂಡರು. ನಾನು ನೂಕಾಟದಲ್ಲಿ ಕೊನೆಯವನಾಗಿ ಒಳಗೆ ಬಂದರೆ, ಅವಳು ಬಲಗಡೆಯ ಕಿಟಕಿಯಲ್ಲಿ ಕೂತು, ತನ್ನ ಎಡಪಕ್ಕದ ಸೀಟಿಗೆ ಟವಲ್ ಹಾಸಿದ್ದಳು. ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಗುಡುಗುತ್ತಾ ಹೊರಟಿತು. ಬೇಕೆಂದೇ ದನಿ ತಗ್ಗಿಸಿ, ಇದು ವಿಮಾನದಲ್ಲಿ ಹಾಕಿದ್ದ ಟವಲ್ಲೇನಾ ಎಂದು ಕೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ, “ಅದೇ ಕಣೋ, ಇನ್ಯಾವ್ದಿದ್ದದು ನನ್ತಾವ” ಎಂದಳು.

ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಅಂಚು ನೀಲಿ.